ಕರೆದ ಕೂಡಲೇ ಬಂದವರನ್ನು ಮರೆಯಬೇಡಿ

ನವನಗರದ ಅಣ್ಣಂದಿರೇ, ಅಕ್ಕಂದಿರೇ, ಅಮರಗೋಳ, ಉಣಕಲ್, ಭೈರಿದೇವರಕೊಪ್ಪ, ಗಾಮನಗಟ್ಟಿ, ರಾಯಾಪುರದ ಹಿರಿಯರೇ, ಈ ಮಾತನ್ನು ಬೆಂಗಳೂರಿನ ಯಾವುದೋ ಕಚೇರಿಗೆ ಬರೆದು ಕೈತೊಳೆದುಕೊಳ್ಳಬಹುದಿತ್ತು. ನಿಮಗೇ ಹೇಳುತ್ತಿದ್ದೇನೆ, ಯಾಕೆಂದರೆ ನಿವೃತ್ತಿ ಎಂದರೆ ಏನೆಂಬುದನ್ನು ನಿಮ್ಮಷ್ಟು ಹತ್ತಿರದಿಂದ ಬಲ್ಲವರು ಕಡಿಮೆ. ಮಾಸ್ತರಿಕೆ ಮಾಡಿ, ಬ್ಯಾಂಕಿನಲ್ಲಿ ಲೆಕ್ಕ ಬರೆದು, ರೈಲ್ವೆಯಲ್ಲಿ, ಕೋರ್ಟಿನಲ್ಲಿ, ವಿಶ್ವವಿದ್ಯಾಲಯದಲ್ಲಿ ಮೂವತ್ತು ವರ್ಷ ದುಡಿದು, ಹುಬ್ಬಳ್ಳಿ, ಧಾರವಾಡ ಎರಡು ಊರುಗಳ ನಡುವೆ ಒಂದು ಸೈಟು ಹಿಡಿದು, ಮನೆಯ ಮುಂದೆ ದಾಸವಾಳ ಮಲ್ಲಿಗೆ ಹಚ್ಚಿ ನೆಮ್ಮದಿಯಾಗಿ ಕೂತವರು ನಿಮ್ಮಲ್ಲಿ ಎಷ್ಟೋ ಮಂದಿ. ತಿಂಗಳು ಹುಟ್ಟಿದ ಕೂಡಲೇ ಖಾತೆಗೆ ಪಿಂಚಣಿ ಬಂದ ಸದ್ದು ಫೋನಿನಲ್ಲಿ ಕೇಳುತ್ತದೆ. ಆ ಸದ್ದಿನಲ್ಲಿ ಎಂಥ ಧೈರ್ಯ ಇದೆ ಎಂಬುದು ನಿಮಗೆ ಗೊತ್ತು. ಮಗ ಕೇಳದಿದ್ದರೂ, ಸೊಸೆ ಮಾತಾಡಿಸದಿದ್ದರೂ, ಔಷಧದ ಅಂಗಡಿಗೆ ಯಾರ ಕೈಯನ್ನೂ ಕಾಯದೆ ಹೋಗಿಬರುವ ಆ ಧೈರ್ಯ.

ಅದೇ ಧೈರ್ಯ ಇಲ್ಲದ ಒಂದು ಗುಂಪಿನ ಬಗ್ಗೆ ಇವತ್ತು ನಿಮ್ಮ ಹತ್ತಿರ ಮಾತಾಡಬೇಕಿದೆ. ಅವರು ದೂರದವರಲ್ಲ. ಅಮರಗೋಳದ ಅಗ್ನಿಶಾಮಕ ಠಾಣೆಯಿಂದ ಗಾಡಿ ಹೊರಟರೆ ಅದರ ಗಂಟೆ, ಸೈರನ್ನು ನಿಮ್ಮ ಮನೆಯ ಕಿಟಕಿಗೆ ಬಡಿದೇ ಮುಂದೆ ಹೋಗುತ್ತದೆ. ನೀವು ಚಹಾದ ಕಪ್ಪು ಕೆಳಗಿಟ್ಟು ಒಂದು ಕ್ಷಣ ಕಿವಿಗೊಡುತ್ತೀರಿ, ‘ಎಲ್ಲೋ ಬೆಂಕಿ ಬಿದ್ದಂಗ ಐತಿ’ ಎನ್ನುತ್ತೀರಿ, ಮತ್ತೆ ಕಪ್ಪು ಎತ್ತಿಕೊಳ್ಳುತ್ತೀರಿ. ತಪ್ಪಲ್ಲ. ಎಲ್ಲರೂ ಹಾಗೇ. ಆದರೆ ಆ ಗಾಡಿಯಲ್ಲಿ ಕೂತವರು ನಾಳೆ ಅರವತ್ತಾದ ಮೇಲೆ ಎಲ್ಲಿರುತ್ತಾರೆ, ಹೇಗಿರುತ್ತಾರೆ, ನಲವತ್ತೈದಕ್ಕೇ ಬೆನ್ನು ಮುರಿದರೆ ಏನಾಗುತ್ತಾರೆ, ಐವತ್ತಕ್ಕೇ ಉಸಿರು ಕಟ್ಟತೊಡಗಿದರೆ ಯಾರ ಬಾಗಿಲಿಗೆ ಹೋಗುತ್ತಾರೆ ಎಂದು ನಾವು ಒಮ್ಮೆಯೂ ಕೇಳಿಲ್ಲ.

ಬೆಂಕಿ ಏನು ಮಾಡುತ್ತದೆ ಎಂದು ನಿಮಗೆ ಹೇಳಿಕೊಡಬೇಕಿಲ್ಲ. 2024ರ ಡಿಸೆಂಬರಿನಲ್ಲಿ ಉಣಕಲ್ಲಿನ ಸಾಯಿನಗರದಲ್ಲಿ, ಅಚ್ಚವ್ವನ ಕಾಲೊನಿಯ ಗುಡಿಯಲ್ಲಿ ಮಲಗಿದ್ದ ಅಯ್ಯಪ್ಪ ಮಾಲಾಧಾರಿಗಳನ್ನು ಸಿಲಿಂಡರಿನ ಬೆಂಕಿ ಸುತ್ತಿಕೊಂಡಿತು. ಒಂಬತ್ತು ಮಂದಿ ಸುಟ್ಟುಕೊಂಡರು. ಎಂಟು ಮಂದಿ ಒಬ್ಬರ ಹಿಂದೆ ಒಬ್ಬರು ಕಿಮ್ಸ್ ಆಸ್ಪತ್ರೆಯಲ್ಲಿ ತೀರಿಕೊಂಡರು. ದಿನವೂ ಪೇಪರ್ ತೆರೆಯಲು ಕೈ ನಡುಗಿದ ಆ ವಾರ ನಿಮಗೆ ನೆನಪಿದೆ. 2022ರ ಜುಲೈನಲ್ಲಿ ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ, ಮಕ್ಕಳ ಹುಟ್ಟುಹಬ್ಬದ ಕೇಕಿನ ಮೇಲೆ ಹಚ್ಚುವ ಕಿಡಿಬತ್ತಿಗಳನ್ನು ಮಾಡುತ್ತಿದ್ದ ಕಾರ್ಖಾನೆ ಹೊತ್ತಿ ಉರಿದದ್ದೂ ನೆನಪಿದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ, ಕಟ್ಟುತ್ತಿದ್ದ ಕಟ್ಟಡ ಕಣ್ಣು ಮಿಟುಕಿಸುವುದರೊಳಗೆ ಕುಸಿದು 19 ಜನ ಸತ್ತದ್ದು, ಕಾಂಕ್ರೀಟಿನ ಹಲಗೆಗಳ ಅಡಿಯಿಂದ ಬರುವ ಸಣ್ಣ ದನಿಗಾಗಿ ಇಡೀ ಊರು ದಿನಗಟ್ಟಲೆ ಉಸಿರು ಹಿಡಿದು ನಿಂತದ್ದು, ಅದೇ ವರ್ಷದ ಆಗಸ್ಟಿನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ಹೊಲ ಮನೆಗಳೆಲ್ಲ ಒಂದೇ ನೀರಾದದ್ದು, ಯಾವುದನ್ನೂ ನೀವು ಮರೆತಿಲ್ಲ. ಅಂಥ ಹೊತ್ತಿನಲ್ಲಿ ನಾವು ಒತ್ತುವುದು ಒಂದೇ ನಂಬರು, ಕಾಯುವುದು ಒಂದೇ ಗಾಡಿ. ಬಾವಿಗೆ ಬಿದ್ದ ಆಕಳಿಗೂ ಅವರೇ, ಚರಂಡಿಯಲ್ಲಿ ಸಿಕ್ಕ ಕೂಸಿಗೂ ಅವರೇ, ಎಪಿಎಂಸಿಯಲ್ಲಿ ಹೊಗೆಯಾಡುವ ಮೆಣಸಿನಕಾಯಿ ಗೋದಾಮಿಗೂ ಅವರೇ, ಕೆರೆಯ ತಳದಿಂದ ಯಾರದೋ ಮನೆಯ ಮಗನನ್ನು ಮೇಲೆತ್ತಿ ತಾಯಿಯ ಎದುರು ಮಲಗಿಸುವ ಕೆಲಸಕ್ಕೂ ಅವರೇ. ಕರೆದರೆ ಬರುತ್ತಾರೆ. ಜಾತಿ ಕೇಳುವುದಿಲ್ಲ, ಓಣಿ ಕೇಳುವುದಿಲ್ಲ, ವೋಟು ಯಾರಿಗೆ ಹಾಕಿದಿ ಎಂದು ಕೇಳುವುದಿಲ್ಲ. ಕರೆದರೆ ಬರುತ್ತಾರೆ.

ಇನ್ನು ಅವರಿಗೆ ನಾವು ಕೊಟ್ಟಿರುವ ನಿಯಮ ಯಾವುದು ನೋಡಿ. ಕರ್ನಾಟಕದ ಅಗ್ನಿಶಾಮಕ ದಳ 1964ರ ಕಾಯ್ದೆಯ ಅಡಿಯಲ್ಲಿ ನಡೆಯುವ ರಾಜ್ಯ ಸರ್ಕಾರದ ಪಡೆ, ಗೃಹ ಇಲಾಖೆಗೆ ಸೇರಿದ್ದು. ಆದ್ದರಿಂದ ಅಲ್ಲಿ ಕೆಲಸ ಮಾಡುವವರು ಎಲ್ಲ ಸರ್ಕಾರಿ ನೌಕರರಂತೆ ಅರವತ್ತಕ್ಕೆ ನಿವೃತ್ತರು. 2008ಕ್ಕೆ ಮುಂಚೆ ಐವತ್ತೆಂಟಿತ್ತು, ಆಮೇಲೆ ಅರವತ್ತಾಯಿತು. ಕಡತ ಸರಿಸುವ ಗುಮಾಸ್ತನಿಗೂ ಅರವತ್ತು, ಉರಿಯುವ ಮೂರನೇ ಮಹಡಿಗೆ ಹೋಸ್ ಪೈಪು ಹೊತ್ತು ಹತ್ತುವವನಿಗೂ ಅರವತ್ತು. ಸಮಾನತೆ ಎಂದು ಇದನ್ನು ಹೊಗಳುವವರಿದ್ದಾರೆ. ನಾನು ಗುಮಾಸ್ತನ ಕೆಲಸವನ್ನು ಕೀಳಾಗಿ ಕಾಣುತ್ತಿಲ್ಲ. ನಿಮ್ಮಲ್ಲಿ ಅನೇಕರು ಅದೇ ಕೆಲಸ ಮಾಡಿ ಮಕ್ಕಳನ್ನು ಮುಂದೆ ತಂದವರು. ಆದರೆ ನೀವೇ ಹೇಳಿ, ನಡುರಾತ್ರಿ ನಿದ್ದೆಗಣ್ಣಿನಲ್ಲಿ ಬೂಟು ಏರಿಸಿಕೊಂಡು, ಹೊಗೆಯಲ್ಲಿ ಉಸಿರಾಡಲು ಬೇಕಾದ ಬಿ.ಎ. ಸೆಟ್ಟಿನ ಸಿಲಿಂಡರು ಬೆನ್ನಿಗೆ ಕಟ್ಟಿಕೊಂಡು, ಎದುರಿಗೆ ಏನಿದೆ ಎಂದು ಕಾಣದ ಹೊಗೆಯೊಳಗೆ ಗೋಡೆ ತಡವುತ್ತ ನಡೆಯುವ ಮೈಗೂ, ಫ್ಯಾನಿನ ಕೆಳಗೆ ಕೂತ ಮೈಗೂ ವಯಸ್ಸು ಒಂದೇ ಲೆಕ್ಕದಲ್ಲಿ ಏರುತ್ತದೆಯೇ?

ನಿಮಗಿದು ಗೊತ್ತಿಲ್ಲದ್ದಲ್ಲ.

ವಿಜ್ಞಾನವೂ ಈಗ ಅದನ್ನೇ ಹೇಳುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯಾನ್ ನಗರದಲ್ಲಿದೆ. ಮನುಷ್ಯನಿಗೆ ಕ್ಯಾನ್ಸರ್ ತರುವುದು ಯಾವುದು ಎಂದು ಜಗತ್ತಿಗೆ ಪಟ್ಟಿ ಮಾಡಿ ಹೇಳುವ ಸಂಸ್ಥೆ ಅದು. ಅಗ್ನಿಶಾಮಕರ ಕೆಲಸವನ್ನು ಬಹಳ ವರ್ಷ ಅದು ‘ಕ್ಯಾನ್ಸರ್ ತರಬಹುದು’ ಎಂಬ ಅನುಮಾನದ ಸಾಲಿನಲ್ಲಿ ಇಟ್ಟಿತ್ತು. 2022ರಲ್ಲಿ ಅನುಮಾನ ಬಿಟ್ಟು, ತಂಬಾಕಿನ ಹೊಗೆ, ಕಲ್ನಾರು ಇರುವ ಮೊದಲನೇ ಗುಂಪಿಗೆ ಈ ಕೆಲಸವನ್ನೂ ಸೇರಿಸಿತು. ಮೂತ್ರಕೋಶದ ಕ್ಯಾನ್ಸರಿಗೂ ಪುಪ್ಪುಸದ ಪೊರೆಗೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರಿಗೂ ಸಾಕಷ್ಟು ಪುರಾವೆ ಇದೆ ಎಂದಿತು. ಒಂದು ರಾಸಾಯನಿಕಕ್ಕಲ್ಲ, ಒಂದು ಧೂಳಿಗಲ್ಲ, ಇಡೀ ಒಂದು ಉದ್ಯೋಗಕ್ಕೇ ಹಾಕಿದ ಮುದ್ರೆ ಅದು.

ಇದರ ಅರ್ಥ ಏನೆಂದು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ಗೋದಾಮುಗಳ ಮೇಲೆ ಹೊದೆಸಿದ ಸಿಮೆಂಟ್ ಶೀಟುಗಳನ್ನು ನೋಡಿ. ಎಷ್ಟೋ ಶೀಟುಗಳಲ್ಲಿ ಕಲ್ನಾರು ಇದೆ. ಕಾದು ಸಿಡಿದಾಗ ಅದರ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಗಾಳಿಗೆ ಹಾರುತ್ತವೆ. ಉರಿಯುವ ವೈರಿನ ಪ್ಲಾಸ್ಟಿಕ್, ಸೋಫಾದ ಫೋಮು, ಬಣ್ಣದ ಡಬ್ಬಿ, ಟೈರು ಎಲ್ಲವೂ ಒಂದೊಂದು ವಿಷ ಕಕ್ಕುತ್ತವೆ. ಬೆಂಕಿ ಆರಿದ ಮೇಲೆ ನಾವು ಮೊಬೈಲು ಒಳಗಿಟ್ಟು ಮನೆಗೆ ಹೋಗುತ್ತೇವೆ. ಅವರು ಮುಖಗವುಸು ತೆಗೆದು, ಇನ್ನೂ ಬಿಸಿಯಾಗಿ ಹೊಗೆಯಾಡುವ ರಾಶಿಯನ್ನು ಕೆದಕುತ್ತ, ಎಲ್ಲಾದರೂ ಕೆಂಡ ಉಳಿದಿದೆಯೇ ಎಂದು ಗಂಟೆಗಟ್ಟಲೆ ಅಲ್ಲೇ ಇರುತ್ತಾರೆ. ಆ ಬೂದಿ ಅವರ ಅಂಗಿಯ ಮೇಲೆ ಕೂತು, ಅಂಗಿಯ ಜೊತೆ ಮನೆಗೆ ಬಂದು, ಹೆಂಡತಿಯ ಕೈಯಿಂದ ಮಕ್ಕಳ ಬಟ್ಟೆಗಳ ಜೊತೆಯಲ್ಲೇ ಅದೇ ಬಕೀಟಿನಲ್ಲಿ ನೆನೆಯುತ್ತದೆ.

ಕಲ್ನಾರಿನ ರೋಗಕ್ಕೆ ಒಂದು ಕೆಟ್ಟ ಗುಣವಿದೆ, ಅದು ಕಾಯುತ್ತದೆ. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಕಾಯುತ್ತದೆ. ಮೂವತ್ತರಲ್ಲಿ ಉಸಿರಿಗೆಳೆದ ಎಳೆ ಅರವತ್ತೈದರಲ್ಲಿ ಕೆಮ್ಮಾಗಿ ಎದ್ದು ಬರುತ್ತದೆ. ಅಷ್ಟು ಹೊತ್ತಿಗೆ ಸಮವಸ್ತ್ರ ಪೆಟ್ಟಿಗೆ ಸೇರಿರುತ್ತದೆ, ಬೀಳ್ಕೊಡುಗೆಯಲ್ಲಿ ಹೊದೆಸಿದ ಶಾಲು ಕಪಾಟಿನಲ್ಲಿರುತ್ತದೆ. ನೌಕರರ ಆರೋಗ್ಯ ಯೋಜನೆಗಳನ್ನು ಸೇವೆಯಲ್ಲಿ ಇರುವವರನ್ನು ಕಣ್ಣಮುಂದೆ ಇಟ್ಟುಕೊಂಡೇ ರೂಪಿಸುತ್ತ ಬಂದಿದ್ದೇವೆ. ಜ್ಯೋತಿ ಸಂಜೀವಿನಿಯೂ ಹಾಗೆ ಹುಟ್ಟಿದ್ದೇ. ರೋಗ ಬರುವುದು ನಿವೃತ್ತಿಯ ನಂತರ, ರಕ್ಷಣೆ ಮುಗಿಯುವುದು ನಿವೃತ್ತಿಯ ದಿನ. ನವನಗರದಲ್ಲೇ ಕ್ಯಾನ್ಸರ್ ಆಸ್ಪತ್ರೆ ಇದೆ. ಅದರ ಹೊರಗೆ ಬೆಳಗಿನ ಜಾವದಿಂದ ಬುತ್ತಿ ಕಟ್ಟಿಕೊಂಡು, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸ್ಕ್ಯಾನು ಹಿಡಿದುಕೊಂಡು ಕೂತ ಮಂದಿಯನ್ನು ನೀವು ದಿನವೂ ದಾಟಿ ಹೋಗುತ್ತೀರಿ. ಒಂದು ದಿನ ಆ ಸಾಲಿನಲ್ಲಿ, ನಿಮ್ಮ ಓಣಿಗೆ ಬಂದು ಬೆಂಕಿ ಆರಿಸಿದವನೇ ಕೂತಿದ್ದರೆ ನೀವು ಗುರುತು ಹಿಡಿಯುತ್ತೀರಾ? ಅವತ್ತು ಅವನ ಮುಖ ಮಸಿಯಾಗಿತ್ತು.

ಈ ರೋಗ ಕೆಲಸದಿಂದಲೇ ಬಂತು ಎಂದು ಅವನು ಸಾಬೀತು ಮಾಡುವುದು ಹೇಗೆ? ಯಾವ ಬೆಂಕಿ, ಯಾವ ರಾತ್ರಿ, ಯಾವ ಗೋದಾಮು ಎಂದು ಕೇಳಿದರೆ ಅವನ ಹತ್ತಿರ ಉತ್ತರವಿಲ್ಲ. ‘ನೀನು ಬೀಡಿ ಸೇದುತ್ತಿದ್ದಿಯಲ್ಲ?’ ಎಂಬ ಒಂದು ಪ್ರಶ್ನೆ ಸಾಕು, ಕಡತ ಮುಚ್ಚಲು. ಈ ಅನ್ಯಾಯವನ್ನು ತಿದ್ದಬಹುದು, ತಿದ್ದಿದವರೂ ಇದ್ದಾರೆ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯ 2002ರಲ್ಲಿ ಒಂದು ಕಾನೂನು ಮಾಡಿತು: ಇಷ್ಟು ವರ್ಷ ಬೆಂಕಿ ಆರಿಸುವ ಕೆಲಸ ಮಾಡಿದವನಿಗೆ ಇಂತಿಂಥ ಕ್ಯಾನ್ಸರ್ ಬಂದರೆ ಅದು ಕೆಲಸದಿಂದಲೇ ಬಂದದ್ದೆಂದು ಮೊದಲು ಒಪ್ಪಿಕೊಳ್ಳಬೇಕು, ಅಲ್ಲ ಎನ್ನುವವರೇ ಸಾಬೀತು ಮಾಡಲಿ. ಆಮೇಲೆ ಕೆನಡಾದ ಉಳಿದ ಪ್ರಾಂತ್ಯಗಳೂ ಆ ದಾರಿ ಹಿಡಿದವು. ಹಾಸಿಗೆ ಹಿಡಿದವನ ತಲೆಯ ಮೇಲಿನ ಸಾಕ್ಷಿಯ ಭಾರವನ್ನು ಇಳಿಸಿ ಸರ್ಕಾರದ ಹೆಗಲಿಗೆ ಹಾಕಿದರು, ಅಷ್ಟೇ. ನಮ್ಮ ಸದನದಲ್ಲಿ ಅಂಥ ಒಂದು ಕಲಮು ಬರೆಯಲು ಎಷ್ಟು ಕಾಗದ ಬೇಕು?

ಪಿಂಚಣಿಯ ಮಾತಿಗೆ ಬರುತ್ತೇನೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2006ರ ಏಪ್ರಿಲ್ 1ರಿಂದ ಆಚೆಗೆ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರಿಗೆ ನಿಮ್ಮ ಕಾಲದ ಪಿಂಚಣಿ ಇಲ್ಲ, ಎನ್‌ಪಿಎಸ್ ಇದೆ. ಕೊನೆಯ ಮೂಲ ವೇತನದ ಅರ್ಧ, ಅದರ ಮೇಲೆ ಕಾಲಕಾಲಕ್ಕೆ ಏರುವ ತುಟ್ಟಿಭತ್ಯೆ ಎಂಬ ಖಚಿತ ಮಾತು ಅವರಿಗೆ ಸಿಕ್ಕಿಲ್ಲ. ತಿಂಗಳಿಗೆ ನೂರಕ್ಕೆ ಹತ್ತರಂತೆ ಅವರ ಸಂಬಳದಿಂದ ಮುರಿದುಕೊಂಡು, ಸರ್ಕಾರವೂ ತನ್ನ ಪಾಲು ಸೇರಿಸಿ, ಮಾರುಕಟ್ಟೆಯಲ್ಲಿ ತೊಡಗಿಸಿ, ಕೊನೆಗೆ ಕೂಡಿದ ಗಂಟಿನಲ್ಲಿ ಕನಿಷ್ಠ ನೂರಕ್ಕೆ ನಲವತ್ತನ್ನು ವಿಮಾ ಕಂಪನಿಗೆ ಕೊಟ್ಟು, ಅದು ಕೊಡುವ ವರ್ಷಾಶನದಲ್ಲಿ ಬಾಳು ಎನ್ನುತ್ತೇವೆ. ಗಂಟು ಎಷ್ಟಾಗುತ್ತದೆ ಎಂಬುದನ್ನು ಶೇರುಪೇಟೆ ಹೇಳುತ್ತದೆ. ಆ ವರ್ಷಾಶನಕ್ಕೆ ತುಟ್ಟಿಭತ್ಯೆ ಇಲ್ಲ. ಜೋಳದ ದರ ಏರಿದರೂ ಅದು ಏರುವುದಿಲ್ಲ. ಗಡಿಯಲ್ಲಿ ನಿಂತ ಸೈನಿಕರನ್ನು ಈ ಪದ್ಧತಿಯಿಂದ ಹೊರಗಿಟ್ಟರು. ಪ್ರಾಣ ಪಣಕ್ಕಿಡುವವನ ಮುಪ್ಪನ್ನು ಪೇಟೆಯ ಏರಿಳಿತಕ್ಕೆ ಬಿಡಬಾರದು ಎಂಬ ತಿಳಿವಳಿಕೆ ಅಲ್ಲಿತ್ತು. ಊರೊಳಗೆ ಪ್ರಾಣ ಪಣಕ್ಕಿಡುವವನ ವಿಷಯದಲ್ಲಿ ಆ ತಿಳಿವಳಿಕೆ ಯಾಕೆ ಬರಲಿಲ್ಲ? 2006ರಲ್ಲಿ ಇಪ್ಪತ್ತರ ಹರೆಯದಲ್ಲಿ ಸೇರಿದ ಹುಡುಗ ಇಂದು ನಲವತ್ತು ದಾಟಿದ್ದಾನೆ, ಮಂಡಿ ನೋಯುತ್ತಿದೆ, ಮಗಳು ಪಿಯುಸಿ ಓದುತ್ತಿದ್ದಾಳೆ, ಅವನಿಗೆ ತನ್ನ ಅರವತ್ತೊಂದನೇ ವರ್ಷದ ಲೆಕ್ಕ ಇನ್ನೂ ಸಿಕ್ಕಿಲ್ಲ. 2023ರ ಮಾರ್ಚ್ 1ರಂದು ರಾಜ್ಯದ ನೌಕರರು ಕೆಲಸ ನಿಲ್ಲಿಸಿ ಇದನ್ನೇ ಕೇಳಿದರು. ನೂರಕ್ಕೆ ಹದಿನೇಳು ಮಧ್ಯಂತರ ಪರಿಹಾರ ಸಿಕ್ಕಿತು, ಪಿಂಚಣಿಯ ಪ್ರಶ್ನೆ ಸಮಿತಿಗೆ ಹೋಯಿತು. ಕಚೇರಿಯ ಬಾಗಿಲು ಒಂದು ದಿನ ಮುಚ್ಚಿ ಕೇಳುವ ದಾರಿ ಉಳಿದವರಿಗಾದರೂ ಇದೆ. ಬೆಂಕಿಯ ಕರೆ ಬಂದಾಗ ‘ಇವತ್ತು ಮುಷ್ಕರ ಐತ್ರಿ’ ಎನ್ನಲು ಇವರಿಗೆ ಬಾಯಿ ಏಳುವುದಿಲ್ಲ. ಅವರ ಒಳ್ಳೆಯತನವನ್ನೇ ನಾವು ಅವರ ವಿರುದ್ಧ ಬಳಸುತ್ತಿದ್ದೇವೆ.

ಹಾಗಾದರೆ ಐವತ್ತಕ್ಕೋ ಐವತ್ತೈದಕ್ಕೋ ಅವರನ್ನು ನಿವೃತ್ತಿ ಮಾಡಿಬಿಡೋಣ ಎಂದು ನೀವು ಹೇಳಬಹುದು. ಕರುಣೆಯಿಂದಲೇ ಹೇಳುತ್ತೀರಿ. ಆದರೆ ಇಲ್ಲಿ ಸ್ವಲ್ಪ ನಿಲ್ಲಿ, ಈ ವಿಷಯದ ತಿರುಳು ಇಲ್ಲೇ ಇದೆ. ಐವತ್ತೈದು ಎಂದರೆ ನಮ್ಮ ಮನೆಗಳಲ್ಲಿ ಯಾವ ವಯಸ್ಸು? ಮಗಳ ಮದುವೆಯ ಮಾತು ನಡೆಯುತ್ತಿರುವ, ಮಗ ಇನ್ನೂ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ, ಮನೆಸಾಲದ ಕಂತು ಅರ್ಧ ಉಳಿದಿರುವ, ತಾಯಿಗೆ ಡಯಾಬಿಟಿಸ್ ಜೋರಾಗಿರುವ ವಯಸ್ಸು. ಆ ಹೊತ್ತಿನಲ್ಲಿ ‘ನಿಮ್ಮ ಮೈ ಸಾಗುವುದಿಲ್ಲ, ಮನೆಗೆ ಹೋಗಿ’ ಎಂದು ಶಾಲು ಹೊದೆಸಿದರೆ ಅದು ಗೌರವವಲ್ಲ. ಕೇಂದ್ರದ ಕೆಲವು ಅರೆಸೇನಾ ಪಡೆಗಳಲ್ಲಿ ಕಮಾಂಡೆಂಟ್ ದರ್ಜೆಯವರೆಗಿನವರು ಐವತ್ತೇಳಕ್ಕೆ, ಮೇಲಿನ ಅಧಿಕಾರಿಗಳು ಅರವತ್ತಕ್ಕೆ ನಿವೃತ್ತರಾಗುವ ಭೇದ ಇತ್ತು. 2019ರಲ್ಲಿ ದೆಹಲಿ ಹೈಕೋರ್ಟು ಅದು ತಾರತಮ್ಯ ಎಂದಿತು, ಆ ವರ್ಷವೇ ಎಲ್ಲರಿಗೂ ಅರವತ್ತಾಯಿತು. ಅಂದರೆ ಸಮವಸ್ತ್ರದವರೇ ಕೋರ್ಟಿಗೆ ಹೋಗಿ ಇನ್ನೂ ಮೂರು ವರ್ಷ ದುಡಿಯುತ್ತೇವೆ ಎಂದು ಕೇಳಿದ್ದರು. ಬ್ರಿಟನ್ನಿನಲ್ಲಿ ಇದರ ತಿರುಗುಮುರುಗು. ಅಲ್ಲಿ ಅಗ್ನಿಶಾಮಕರ ಪಿಂಚಣಿಯ ವಯಸ್ಸನ್ನು ಐವತ್ತೈದರಿಂದ ಅರವತ್ತಕ್ಕೆ ಏರಿಸಿದಾಗ 2013ರಿಂದ 2015ರವರೆಗೆ ಮುಷ್ಕರದ ಮೇಲೆ ಮುಷ್ಕರ ನಡೆಯಿತು. ಅವರು ಕೇಳಿದ್ದು ಒಂದೇ: ಐವತ್ತೈದರ ಮೇಲೆ ನಮ್ಮ ತಪ್ಪಿಲ್ಲದೆ ನಮ್ಮ ದಮ್ಮು ಸಾಲದಾದರೆ ಆಗ ನಾವೇನು, ಪಿಂಚಣಿಯೂ ಇಲ್ಲ ಕೆಲಸವೂ ಇಲ್ಲವೇ?

ಒಂದು ಕಡೆ ಇನ್ನೂ ದುಡಿಯಲು ಬಿಡಿ ಎಂಬ ಬೇಡಿಕೆ, ಇನ್ನೊಂದು ಕಡೆ ಇಷ್ಟು ವಯಸ್ಸಿನವರೆಗೆ ಎಳೆಯಬೇಡಿ ಎಂಬ ಬೇಡಿಕೆ. ಎರಡೂ ಒಂದೇ ಗಾಯದಿಂದ ಬಂದ ಮಾತು. ವಯಸ್ಸಿನ ಅಂಕಿ ಇಲ್ಲಿ ಮುಖ್ಯವೇ ಅಲ್ಲ ಎಂದು ನನಗೆ ಅನ್ನಿಸುತ್ತದೆ. ಏಣಿ ಹತ್ತಲು ಆಗದ ದಿನ ಬಂದಾಗ ಮನುಷ್ಯನಿಗೆ ನೆಲದ ಮೇಲೆ ನಿಲ್ಲಲು ಮರ್ಯಾದೆಯ ಜಾಗ ಇದೆಯೇ ಇಲ್ಲವೇ ಎಂಬುದು ಮುಖ್ಯ.

ಜಾಗ ಇದೆ ಎಂದು ಕಾನೂನು ಹೇಳುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 20ನೇ ಕಲಮು ಸ್ಪಷ್ಟವಾಗಿದೆ: ಸೇವೆಯಲ್ಲಿ ಇದ್ದಾಗ ಅಂಗವಿಕಲನಾದ ನೌಕರನನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ, ಈಗಿನ ಕೆಲಸಕ್ಕೆ ಆಗದಿದ್ದರೆ ಅದೇ ಸಂಬಳದಲ್ಲಿ ಬೇರೆ ಹುದ್ದೆಗೆ ಹಾಕಬೇಕು, ಹುದ್ದೆ ಖಾಲಿ ಇಲ್ಲದಿದ್ದರೆ ಸಿಗುವವರೆಗೆ ಇಲ್ಲವೇ ನಿವೃತ್ತಿಯವರೆಗೆ ಅವನಿಗಾಗಿಯೇ ಒಂದು ಹುದ್ದೆ ಸೃಷ್ಟಿಸಿ ಇಟ್ಟುಕೊಳ್ಳಬೇಕು. ಎಷ್ಟು ಒಳ್ಳೆಯ ಕಲಮು! ಆದರೆ ಅದು ಕಾಲು ಮುರಿದವನನ್ನು ಗುರುತಿಸುತ್ತದೆ, ಕೈ ಕಳೆದುಕೊಂಡವನನ್ನು ಗುರುತಿಸುತ್ತದೆ. ಮೂರು ಮಹಡಿ ಹತ್ತಿದರೆ ಎದೆ ಹಿಡಿದುಕೊಳ್ಳುವ ಐವತ್ತಮೂರರವನನ್ನು, ಸುಟ್ಟ ಮಕ್ಕಳನ್ನು ಎತ್ತಿದ ಮೇಲೆ ರಾತ್ರಿ ನಿದ್ದೆ ಬಾರದವನನ್ನು ಯಾವ ಪ್ರಮಾಣಪತ್ರ ಗುರುತಿಸುತ್ತದೆ? ಅವನಿಗೆ ಉಳಿಯುವುದು ಮೇಲಧಿಕಾರಿಯ ದಯೆ. ಸಾಹೇಬರು ಒಳ್ಳೆಯವರಾದರೆ ಲೈಟ್ ಡ್ಯೂಟಿ, ಅಲ್ಲವಾದರೆ ಮತ್ತೆ ಅದೇ ಗಾಡಿ, ಅದೇ ಪಾಳಿ. ದಯೆಯಿಂದ ಸಿಕ್ಕದ್ದನ್ನು ವರ್ಗಾವಣೆಯ ಒಂದು ಆದೇಶ ಕಸಿದುಕೊಳ್ಳಬಹುದು.

ಕೆಲಸಕ್ಕೇನೂ ಬರವಿಲ್ಲ. ಈ ಅವಳಿ ನಗರದಲ್ಲಿ ಎಷ್ಟು ಕಲ್ಯಾಣ ಮಂಟಪ, ಎಷ್ಟು ಕೋಚಿಂಗ್ ಕ್ಲಾಸು, ಎಷ್ಟು ನರ್ಸಿಂಗ್ ಹೋಮು, ಎಷ್ಟು ಶಾಲೆ! ಬೆಂಕಿ ಆರಿಸುವ ಕೆಂಪು ಸಿಲಿಂಡರು ಗೋಡೆಗೆ ನೇತುಹಾಕಿದ್ದು ಕಾಣುತ್ತದೆ, ಅದರ ಪಿನ್ನು ಎಳೆಯಲು ಒಳಗಿನ ಒಬ್ಬರಿಗೂ ಬರುವುದಿಲ್ಲ. ಮೂವತ್ತು ವರ್ಷ ಬೆಂಕಿಯ ಮುಖ ನೋಡಿದವನು ಒಂದು ಮೆಟ್ಟಿಲಿನ ಅಗಲ ನೋಡಿಯೇ ಇಲ್ಲಿ ಜನ ಸಾಯುತ್ತಾರೆ ಎಂದು ಹೇಳಬಲ್ಲ. 2010ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಬೆಂಕಿಗಿಂತ ಹೊಗೆ, ಹೊಗೆಗಿಂತ ಹೊರಬೀಳಲು ದಾರಿ ಇಲ್ಲದ್ದು ಕೊಂದ ದುರಂತ ಅದು. ಅಂಥ ದಾರಿ ತೆರೆದಿದೆಯೋ ಇಲ್ಲವೋ ಎಂದು ನೋಡಿ ಬರುವ ಕಣ್ಣು ನಮಗೆ ಬೇಕಾಗಿದೆ, ಮಕ್ಕಳಿಗೆ ಕಲಿಸುವ ಬಾಯಿ ಬೇಕಾಗಿದೆ, ಕಂಟ್ರೋಲ್ ರೂಮಿನಲ್ಲಿ ಹೆದರಿದ ತಾಯಿಯ ದನಿಯನ್ನು ಸಮಾಧಾನದಿಂದ ಕೇಳಿ ಗಾಡಿ ಕಳಿಸುವ ಅನುಭವ ಬೇಕಾಗಿದೆ. ಐವತ್ತರ ಮೇಲೆ ಇಂಥ ಹುದ್ದೆಗಳು ಅವರ ಹಕ್ಕಾಗಲಿ, ಸಂಬಳ ಬಡ್ತಿ ಕಡಿಯದಂತೆ. ಅವರು ಬಿಟ್ಟ ಏಣಿಯ ಮೇಲೆ ಇಪ್ಪತ್ತೈದರ ಹುಡುಗರು ನಿಲ್ಲಲಿ. ನಮ್ಮ ಮನೆಗಳಲ್ಲಿ ಡಿಗ್ರಿ ಮುಗಿಸಿ ನೇಮಕಾತಿಗೆ ಕಾದು ಕೂತ ಹುಡುಗರೇನು ಕಡಿಮೆಯೇ?

ಇದೆಲ್ಲ ಯಾರ ಜವಾಬ್ದಾರಿ ಎಂದು ಕೇಳಿದರೆ ಕೈ ಇನ್ನೊಬ್ಬರ ಕಡೆ ತಿರುಗುತ್ತದೆ. ಸಂವಿಧಾನದ 74ನೇ ತಿದ್ದುಪಡಿಯ ಹನ್ನೆರಡನೇ ಅನುಸೂಚಿ ಅಗ್ನಿಶಾಮಕ ಸೇವೆಯನ್ನು ನಗರ ಸಂಸ್ಥೆಗಳ ಪಟ್ಟಿಯಲ್ಲಿ ಬರೆದಿದೆ, ನಮ್ಮಲ್ಲಿ ಅದು ರಾಜ್ಯದ ಕೈಯಲ್ಲಿದೆ, ಹಣ ಕೇಳಿದರೆ ಕೇಂದ್ರದ ಕಡೆ ನೋಡುತ್ತಾರೆ. ಕೇಂದ್ರ 2023ರಲ್ಲಿ ರಾಜ್ಯಗಳ ಅಗ್ನಿಶಾಮಕ ಸೇವೆಗಳ ವಿಸ್ತರಣೆಗೆ, ಆಧುನೀಕರಣಕ್ಕೆ 5,000 ಕೋಟಿ ರೂಪಾಯಿಯ ಯೋಜನೆ ತಂದಿತು. ಒಳ್ಳೆಯದು, ಹೊಸ ಗಾಡಿ ಬರಲಿ, ಎತ್ತರದ ಏಣಿ ಬರಲಿ. ಆದರೆ ಹೊಸ ಗಾಡಿಯ ಉದ್ಘಾಟನೆಗೆ ತೆಂಗಿನಕಾಯಿ ಒಡೆಯುವ ನಾವು, ಅದನ್ನು ಓಡಿಸುವವನ ಪುಪ್ಪುಸಕ್ಕೆ ವರ್ಷಕ್ಕೊಮ್ಮೆ ಒಂದು ಎಕ್ಸ್‌ರೇ ಆಯಿತೇ ಎಂದು ಕೇಳುವುದನ್ನು ಮರೆಯುತ್ತೇವೆ.

ನಿಮಗಿದು ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಸುಮ್ಮನಿದ್ದೇವೆ, ಯಾಕೆಂದರೆ ಅವರು ಸುಮ್ಮನಿದ್ದಾರೆ. ಅವರು ಸುಮ್ಮನಿರಲೇಬೇಕು. ಸರ್ಕಾರಿ ನೌಕರರ 2021ರ ನಡತೆ ನಿಯಮಗಳು ಅವರ ಬಾಯಿಗೆ ಗಡಿ ಹಾಕಿವೆ. ಸರ್ಕಾರದ ನೀತಿಯನ್ನು ಟೀಕಿಸಿ ಪತ್ರಿಕೆಗೆ ಬರೆದರೆ ಇಲಾಖಾ ವಿಚಾರಣೆ. ಅವರ ಹೆಂಡಂದಿರು ಮಾತಾಡುವುದು ಅಡುಗೆಮನೆಯಲ್ಲಿ, ಪಕ್ಕದ ಮನೆಯವಳ ಹತ್ತಿರ. ‘ಕಾಲ್ ಬಂತಂದ್ರ ತಾಟಿನ್ಯಾಗಿನ ರೊಟ್ಟಿ ಹಂಗ ಬಿಟ್ಟ ಹೊಕ್ಕಾರ‍್ರಿ’ ಎಂಬ ಮಾತಿನಲ್ಲಿ ದೂರು ಇರುವುದಿಲ್ಲ, ಹೆಮ್ಮೆ ಇರುತ್ತದೆ, ಹೆದರಿಕೆ ಇರುತ್ತದೆ. ಮುಂದೆ ಗಂಡ ಹಾಸಿಗೆ ಹಿಡಿದಾಗ ಆಸ್ಪತ್ರೆ, ಖಜಾನೆ, ಕಚೇರಿ ಎಂದು ಅರ್ಜಿ ಹಿಡಿದು ಅಲೆಯುವವಳು ಅವಳೇ. ಗಂಡ ಸೇವೆಯಲ್ಲೇ ತೀರಿಕೊಂಡರೆ ಅನುಕಂಪದ ನೌಕರಿ ಉಂಟು, ಅದಕ್ಕೆ 1996ರ ನಿಯಮಗಳೂ ಉಂಟು. ನಿವೃತ್ತನಾದ ಎರಡನೇ ವರ್ಷ, ಮೂವತ್ತು ವರ್ಷದ ಹೊಗೆ ಒಳಗಿನಿಂದ ಕೊಂದರೆ ಆ ನಿಯಮಗಳಲ್ಲಿ ಅವಳಿಗೆ ಜಾಗವಿಲ್ಲ. ದನಿಯಿಲ್ಲದವರು ಎಂದು ನಾನು ಹೇಳುತ್ತಿರುವುದು ಇವರನ್ನೇ.

ಪ್ರತಿ ವರ್ಷ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಬರುತ್ತದೆ. 1944ರ ಆ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ, ಹತ್ತಿಯ ಅಂಡಿಗೆಗಳನ್ನೂ ಮದ್ದುಗುಂಡನ್ನೂ ಒಟ್ಟಿಗೆ ಹೊತ್ತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಹಡಗು ಸಿಡಿದಾಗ, ಆರಿಸಲು ಹೋದ 66 ಮಂದಿ ಅಗ್ನಿಶಾಮಕರು ಸತ್ತರು. ಓಡಿಹೋಗಲು ಅವರಿಗೂ ಕಾಲುಗಳಿದ್ದವು. ಅದೇ ದಿನ ನಮ್ಮೂರಿನ ಓಣಿ ಓಣಿಗಳಲ್ಲಿ ಅಂಬೇಡ್ಕರ್ ಜಯಂತಿಯ ಮೆರವಣಿಗೆ. ಆ ಹಡಗು ಸಿಡಿದ ವರ್ಷ ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದರು, ದುಡಿಯುವವರ ಕಾನೂನುಗಳ ಮೇಲೆ ಕೆಲಸ ಮಾಡುತ್ತಿದ್ದರು ಎಂಬುದನ್ನು ನೆನೆದರೆ, ಆ ಎರಡೂ ಆಚರಣೆಗಳನ್ನು ಒಂದೇ ಹಾರದಲ್ಲಿ ಮುಗಿಸಲು ಮನಸ್ಸು ಬರುವುದಿಲ್ಲ.

ಬಂಧುಗಳೇ, ನೀವು ಕಲ್ಲುಮನಸ್ಸಿನವರಲ್ಲ. ಸಾಯಿನಗರದ ಮಕ್ಕಳಿಗಾಗಿ ಈ ಊರು ಅತ್ತದ್ದನ್ನು ನಾನು ಬಲ್ಲೆ. ಕುಮಾರೇಶ್ವರ ನಗರದಲ್ಲಿ ಯಾರದೋ ಜೀವ ಉಳಿಯಲೆಂದು ಹರಕೆ ಹೊತ್ತವರು ನೀವು. ಅದೇ ಕಣ್ಣೀರಿನ ಒಂದು ಪಾಲನ್ನು, ಆ ಜೀವಗಳನ್ನು ಎತ್ತಲು ಹೋದವರಿಗೂ ಇಡಿ ಎಂದು ಬೇಡುತ್ತಿದ್ದೇನೆ. ಅರ್ಜಿ ಬರೆಯುವುದು, ಟಿಪ್ಪಣಿ ಹಾಕುವುದು, ಯಾವ ಮೇಜಿನ ಮೇಲೆ ಕಡತ ನಿಂತಿದೆ ಎಂದು ಹುಡುಕುವುದು ನಿಮಗೆ ಗೊತ್ತು. ಜೀವಮಾನವಿಡೀ ಅದನ್ನೇ ಮಾಡಿದ್ದೀರಿ. ಆ ವಿದ್ಯೆಯನ್ನು ಒಮ್ಮೆ ಅವರಿಗಾಗಿ ಖರ್ಚು ಮಾಡಿ. ನಿಮ್ಮ ನಿವೃತ್ತ ನೌಕರರ ಸಂಘದ ಸಭೆಯಲ್ಲಿ ಒಂದು ಠರಾವು ಪಾಸು ಮಾಡಿ. ಕಾನೂನು ವಿಶ್ವವಿದ್ಯಾಲಯ ನಿಮ್ಮ ಪಕ್ಕದಲ್ಲೇ ಇದೆ. ಅಲ್ಲಿ ಓದುವ ಮಕ್ಕಳ ಕೈಯಲ್ಲಿ ಒಂದು ಕರಡು ಮಸೂದೆ ಬರೆಸಿ. ಬೇಡಿಕೆ ಉದ್ದದ್ದೇನೂ ಅಲ್ಲ: ಹೊಗೆಯ ರೋಗವನ್ನು ಕೆಲಸದ ರೋಗವೆಂದು ಮೊದಲೇ ಒಪ್ಪಲಿ; ನಿವೃತ್ತಿಯ ಆಚೆಗೂ ಸಾಯುವವರೆಗೆ ತಪಾಸಣೆ, ಚಿಕಿತ್ಸೆ ಸಿಗಲಿ; ಐವತ್ತರ ನಂತರ ಸಂಬಳ ಕಡಿಯದ ನೆಲದ ಮೇಲಿನ ಹುದ್ದೆ ಹಕ್ಕಾಗಲಿ; ಸೈನಿಕನಿಗೆ ಕೊಟ್ಟ ಖಚಿತ ಪಿಂಚಣಿ ಇವರಿಗೂ ಬರಲಿ.

ಚಳಿಗಾಲದ ಅಧಿವೇಶನಕ್ಕೆ ನಮ್ಮ ಶಾಸಕರು ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಹೋಗುತ್ತಾರೆ. ಹೊರಡುವ ಮುಂಚೆ ಅವರ ಮನೆಗೆ ಹೋಗಿ, ಕೈಯಲ್ಲಿ ಆ ಕರಡು ಹಿಡಿದುಕೊಂಡು ಹೋಗಿ, ‘ಈ ಸಲ ಸದನದಲ್ಲಿ ಇದನ್ನ ಕೇಳ್ರಿ, ಉತ್ತರಾ ತಗೊಂಡು ಬರ‍್ರಿ’ ಎಂದು ಹೇಳಿ. ಒಬ್ಬರೇ ಹೋಗಬೇಡಿ. ಓಣಿಯವರನ್ನೆಲ್ಲ ಕರೆದುಕೊಂಡು ಹೋಗಿ.